ಟ್ಯೂಬ್ ಹಚ್ಚುವ ಮುಂಚೆ ಬಾಲ್ ಪೆನ್ ತಗೊಳ್ಳಿ

ನಮ್ಮ ಅಡುಗೆಮನೆ ಗೋಡೆಯ ಮಾಡದಲ್ಲಿ ಒಂದು ನೀಲಿ ಬಾಲ್ ಪೆನ್ ಇರುತ್ತದೆ. ಹಾಲಿನ ಲೆಕ್ಕಕ್ಕೂ, ಮಕ್ಕಳ ಹೋಮ್‌ವರ್ಕ್‌ಗೂ ಅದನ್ನು ಮುಟ್ಟುವ ಹಾಗಿಲ್ಲ. ಮನೆಯಲ್ಲಿ ಯಾರ ಮೈಮೇಲಾದರೂ ಏನಾದರೂ ಎದ್ದರೆ, ಕೆಂಪಾದರೆ, ತುರಿಸಿದರೆ, ಮೊದಲು ಅದರ ಅಂಚಿನ ಗುಂಟ ಆ ಪೆನ್ನಿನಿಂದ ಗೆರೆ ಎಳೆಯಬೇಕು. ಪಕ್ಕದಲ್ಲಿ ತಾರೀಖು, ಟೈಮ್ ಬರೆಯಬೇಕು. ಆಮೇಲೆ ಮುಂದಿನ ಮಾತು. ಮಕ್ಕಳು ನಗುತ್ತಾರೆ, ನಗಲಿ. ಈ ಪೆನ್ ಮಾಡಕ್ಕೆ ಬರುವ ಮುಂಚೆ ನಾನು ಎಂಟು ತಿಂಗಳು ಸೊಂಟ ಕೆರೆದುಕೊಂಡಿದ್ದೇನೆ.

ನಾನು ಡಾಕ್ಟರ್ ಅಲ್ಲ. ವಿಜಯಪುರ ಜಿಲ್ಲೆಯ ತಿಕೋಟಾ ಹತ್ತಿರದ ಹಳ್ಳಿ, ಮೂರು ಎಕರೆ ದ್ರಾಕ್ಷಿ, ಎರಡು ಎಕರೆ ಜೋಳ, ಮನೆಯಲ್ಲಿ ಏಳು ಜನ. ಏಳು ಜನಕ್ಕೂ ಒಂದಲ್ಲ ಒಂದು ಸಲ ಚರ್ಮದ ಕಾಟ ಆಗಿದೆ. ಹಾಗಾಗಿ ಬರೆಯುವಷ್ಟು ಗೊತ್ತು.

ಸೊಂಟದ ಕಥೆ ಮೊದಲು ಹೇಳುತ್ತೇನೆ. ಯಾಕೆಂದರೆ ಈಗ ಹತ್ತು ಮನೆಯಲ್ಲಿ ಆರು ಮನೆಯದು ಇದೇ ಕಥೆ ಅಂತ ನನಗೆ ಅನ್ನಿಸುತ್ತದೆ.

ಶ್ರಾವಣದಲ್ಲಿ, ಪರಕಾರದ (ಒಳಲಂಗದ) ಲಾಡಿ ಕಟ್ಟುವ ಜಾಗದಲ್ಲಿ, ರೂಪಾಯಿ ಬಿಲ್ಲೆಯಷ್ಟು ಕೆಂಪಾಯಿತು. ಮಳೆ, ಬೆವರು, ಒದ್ದೆ ಸೀರೆ, ಮೇಲೆ ಬಿಗಿ ಲಾಡಿ. ಔಷಧಿ ಅಂಗಡಿಗೆ ಹೋಗಿ ತುರಿಕೆಗೆ ಏನಾದರೂ ಕೊಡಿ ಅಂದೆ. "ಅಕ್ಕಾರ, ಇದನ್ನ ಹಚ್ರಿ, ಎರಡ ದಿನದಾಗ ಹೋಗತೈತಿ" ಅಂದರು. ನಿಜಕ್ಕೂ ಎರಡೇ ದಿನದಲ್ಲಿ ತುರಿಕೆ ಹೋಯಿತು! ಎಂಥ ಔಷಧಿ ಅಂತ ಖುಷಿಯಾಗಿ ಬಿಟ್ಟೆ. ವಾರಕ್ಕೆ ಮತ್ತೆ ಬಂತು, ಈ ಸಲ ಅಂಗೈಯಷ್ಟು. ಮತ್ತೆ ಟ್ಯೂಬ್, ಮತ್ತೆ ಎರಡು ದಿನ ಸುಖ. ಹೀಗೆ ಎಂಟು ತಿಂಗಳು. ಅಷ್ಟರಲ್ಲಿ ಯಜಮಾನರ ತೊಡೆ ಸಂದಿಗೆ, ಮಗಳ ಕುತ್ತಿಗೆಗೆ ಹಬ್ಬಿತ್ತು. ಓಣಿಯಲ್ಲಿ ಎಲ್ಲರೂ ನಂಜು ಅಂದರು. ಬದನೆಕಾಯಿ ಬಿಟ್ಟೆ. ಎಣಗಾಯಿ ಇಲ್ಲದೆ ಎಂಟು ತಿಂಗಳು ರೊಟ್ಟಿ ತಿಂದ ಸಿಟ್ಟು ನನಗೆ ಇನ್ನೂ ಹೋಗಿಲ್ಲ.

ಕೊನೆಗೆ ವಿಜಯಪುರದಲ್ಲಿ ಒಬ್ಬ ಚರ್ಮದ ಡಾಕ್ಟರಮ್ಮ ಆ ಟ್ಯೂಬ್ ತಿರುಗಿಸಿ, ಹಿಂದಿನ ಸಣ್ಣ ಅಕ್ಷರ ಓದಿಸಿದರು. ಅದರಲ್ಲಿ ಮೂರು ಔಷಧಿ ಸೇರಿದ್ದವು. ಒಂದು ಕ್ಲೊಬೆಟಾಸೋಲ್. ಅದು ಸ್ಟೆರಾಯ್ಡ್, ಅದೂ ತುಂಬಾ ಜೋರಿನದು. ನನಗೆ ಆಗಿದ್ದು ಗಜಕರ್ಣ, ಅಂದರೆ ಚರ್ಮದ ಮೇಲೆ ಬೆಳೆಯುವ ಬೂಷ್ಟು, ಫಂಗಸ್. ನಮಗೆ ತುರಿಕೆ, ಕೆಂಪು ಬರುವುದು ಮೈ ಆ ಫಂಗಸ್ ಜೊತೆ ಜಗಳ ಆಡುವುದರಿಂದ. ಸ್ಟೆರಾಯ್ಡ್ ಆ ಜಗಳ ನಿಲ್ಲಿಸುತ್ತದೆ, ಫಂಗಸ್ ಅಲ್ಲ. ನಾಯಿಗೆ ನಿದ್ದೆ ಬರಿಸಿ ಕಳ್ಳನಿಗೆ ಬಾಗಿಲು ತೆಗೆದ ಹಾಗೆ.

ಆದ್ದರಿಂದ ಮನೆಯಲ್ಲಿರುವ ಟ್ಯೂಬ್‌ಗಳನ್ನೆಲ್ಲ ಇವತ್ತೇ ತೆಗೆದು ಹಿಂದೆ ಓದಿ. ಕ್ಲೊಬೆಟಾಸೋಲ್, ಬೆಟಾಮೆಥಾಸೋನ್, ಬೆಕ್ಲೊಮೆಥಾಸೋನ್, ಮೊಮೆಟಾಸೋನ್ ಇವೆಲ್ಲ ಸ್ಟೆರಾಯ್ಡ್. ಹೆಸರಿನ ಕೊನೆಗೆ 'ಸೋನ್' ಇಲ್ಲವೇ 'ಸೋಲ್' ಅಂತ ಇದ್ದರೆ ಅನುಮಾನ ಪಡಿ. ಆದರೆ 'ಸೋಲ್' ಜೊತೆ 'ಜೋಲ್' ಅನ್ನು ಬೆರೆಸಬೇಡಿ. ಕೆಟೊಕೊನಜೋಲ್, ಲುಲಿಕೊನಜೋಲ್ ಫಂಗಸ್ ಔಷಧಿಗಳೇ. ಗೊತ್ತಾಗದಿದ್ದರೆ ಫೋಟೋ ತೆಗೆದು ಡಾಕ್ಟರಿಗೆ ತೋರಿಸಿ. 2018ರಲ್ಲೇ ಕೇಂದ್ರ ಸರ್ಕಾರ ಇಂಥ ಸ್ಟೆರಾಯ್ಡ್ ಮುಲಾಮು ಚೀಟಿ ಇಲ್ಲದೆ ಮಾರಬಾರದು ಅಂತ ನಿಯಮ ಬಿಗಿ ಮಾಡಿತು. ಚೀಟಿ ಕೇಳಿದ ಅಂಗಡಿಯನ್ನು ನಾನಂತೂ ಇನ್ನೂ ನೋಡಿಲ್ಲ. ಸಂದಿಯಲ್ಲಿ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ಕಾಗದದ ಹಾಗೆ ತೆಳ್ಳಗಾಗಿ, ಬಸುರಿ ಹೊಟ್ಟೆಯ ಮೇಲೆ ಬೀಳುವಂಥ ಗೆರೆ ಬೀಳುತ್ತವೆ. ಯಜಮಾನರ ತೊಡೆಯಲ್ಲಿ ಆ ಗೆರೆ ಇನ್ನೂ ಇವೆ. ಅವು ಹೋಗುವುದಿಲ್ಲ.

ಸ್ಟೆರಾಯ್ಡ್ ಅಂದರೆ ವಿಷ ಅಂತ ನಾನು ಹೇಳುತ್ತಿಲ್ಲ. ಇಸಬಿಗೆ, ಕಾಂಗ್ರೆಸ್ ಕಸದ (ಪಾರ್ಥೇನಿಯಂ) ಅಲರ್ಜಿಗೆ ಡಾಕ್ಟರೇ ಬರೆದು ಕೊಡುತ್ತಾರೆ, ಇಷ್ಟೇ ದಿನ ಅಂತ ಹೇಳಿ ಕೊಡುತ್ತಾರೆ. ಫಂಗಸ್ ಮೇಲೆ ಹಚ್ಚುವುದೇ ತಪ್ಪು.

ಗಜಕರ್ಣ ಗುರುತು ಹಿಡಿಯುವುದು, ಓಡಿಸುವುದು

ಬಿಸಿಲಿಗೆ ಹಿಡಿದು ನೋಡಿ. ಅಂಚು ಉಬ್ಬಿ ಕೆಂಪಾಗಿ, ಹೊಟ್ಟು ಎದ್ದಿರುತ್ತದೆ. ನಡುವೆ ಮಾತ್ರ ಗುಣವಾದ ಹಾಗೆ ತಿಳಿಯಾಗಿರುತ್ತದೆ. ಪೆನ್ನಿನ ಗೆರೆ ಹಾಕಿ ಒಂದು ವಾರ ಬಿಡಿ, ಅಳಿಸಿದರೆ ಅದೇ ಗೆರೆಯ ಮೇಲೆ ತಿದ್ದಿ. ಅಂಚು ಗೆರೆ ದಾಟಿ ಹೊರಗೆ ನಡೆದಿದ್ದರೆ ಗಜಕರ್ಣ ಅಂತ ಅನುಮಾನ ಪಡಬಹುದು. ಸ್ಟೆರಾಯ್ಡ್ ಹಚ್ಚಿದ್ದರೆ ಮಾತ್ರ ಈ ಚಂದದ ಉಂಗುರ ಕಾಣಿಸುವುದಿಲ್ಲ. ಉಂಗುರದೊಳಗೆ ಉಂಗುರ, ಇಲ್ಲವೇ ಗುರುತೇ ಸಿಗದ ಕಲೆ ಆಗಿರುತ್ತದೆ. ಆಗ ಡಾಕ್ಟರೇ ನೋಡಬೇಕು.

ಸಣ್ಣದಾಗಿದ್ದರೆ, ಒಂದೇ ಜಾಗದಲ್ಲಿದ್ದರೆ, ಬರೀ ಫಂಗಸ್ ಔಷಧಿ ಮಾತ್ರ ಇರುವ ಮುಲಾಮು ಸಾಕು. ಕೆಂಪಿನ ಮೇಲಷ್ಟೇ ಹಚ್ಚಬೇಡಿ. ಅಂಚಿನಿಂದ ಎರಡು ಬೆರಳು ಹೊರಗಿನ ತನಕ ಹಚ್ಚಿ, ಯಾಕೆಂದರೆ ಫಂಗಸ್ ಕಣ್ಣಿಗೆ ಕಾಣುವುದಕ್ಕಿಂತ ಮುಂದೆ ಹೋಗಿರುತ್ತದೆ. ಪೂರ್ತಿ ಹೋದ ಮೇಲೂ ಎರಡು ವಾರ ಹಚ್ಚಿ. ಎಲ್ಲರೂ ಸೋಲುವುದು ಇಲ್ಲೇ. ತುರಿಕೆ ನಿಂತ ದಿನ ಟ್ಯೂಬ್ ಮೂಲೆಗೆ ಹೋಗುತ್ತದೆ. ಜಾಸ್ತಿ ಹರಡಿದ್ದರೆ ಮಾತ್ರೆ ಬೇಕಾಗುತ್ತದೆ, ಅದನ್ನು ಡಾಕ್ಟರೇ ಕೊಡಬೇಕು. ನನಗೆ ಆರು ವಾರ ಬೇಕಾಯಿತು. ಮನೆಯಲ್ಲಿ ಗಜಕರ್ಣ ಇದ್ದ ಮೂವರೂ ಒಂದೇ ಹೊತ್ತಿಗೆ ಔಷಧಿ ಶುರು ಮಾಡಿದೆವು.

ಇನ್ನು ಬಟ್ಟೆ. ಫಂಗಸ್‌ನ ಬೀಜ ಬಟ್ಟೆಯಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ. ಮೂವರಿಗೂ ಬೇರೆ ಬೇರೆ ಟವೆಲ್ ಆಯಿತು. ಒಳಬಟ್ಟೆ, ಪರಕಾರ, ಟವೆಲ್ ಎಲ್ಲ ಬೇರೆಯಾಗಿ, ಕೈ ಇಡಲಾಗದಷ್ಟು ಬಿಸಿ ನೀರಿನಲ್ಲಿ ಅರ್ಧ ಗಂಟೆ ನೆನೆಸಿ ಒಗೆದೆ. ಒಳಮೈ ಹೊರಗೆ ಮಾಡಿ ಬಿಸಿಲಿಗೆ ಹಾಕಿದೆ. ನಮ್ಮ ಕಡೆ ಬಿಸಿಲಿಗೇನು ಬರ, ಆದರೆ ಒಳಬಟ್ಟೆಯನ್ನು ನಾಚಿಕೆಗೆ ಸೀರೆಯ ಕೆಳಗೆ ಮುಚ್ಚಿ ಒಣಗಿಸುತ್ತೇವಲ್ಲ! ಅರ್ಧ ಒಣಗಿದ ಬಟ್ಟೆಯೇ ಫಂಗಸ್‌ಗೆ ಹಾಸಿಗೆ. ಲಾಡಿಯನ್ನು ದಿನಕ್ಕೊಂದು ಕಡೆ, ಸ್ವಲ್ಪ ಮೇಲೆ ಕೆಳಗೆ ಕಟ್ಟಿದೆ. ಅಗಲ ಪಟ್ಟಿ ಹೊಲಿಸಿಕೊಂಡೆ. ಯಜಮಾನರು ಜೀನ್ಸ್ ಬಿಟ್ಟು ಲುಂಗಿಗೆ ಬಂದರು.

ಕೊಟ್ಟಿಗೆಯನ್ನೂ ನೋಡಿ. ಕರುವಿನ ಕಣ್ಣ ಸುತ್ತ, ಕುತ್ತಿಗೆಯ ಮೇಲೆ ಬೂದಿ ಬಣ್ಣದ ಒಣ ಬಿಲ್ಲೆ ಎದ್ದು ಕೂದಲು ಉದುರಿದ್ದರೆ ಅದೂ ಗಜಕರ್ಣವೇ. ಮುದ್ದು ಮಾಡುವ ಮಕ್ಕಳಿಗೆ ಅಲ್ಲಿಂದಲೂ ಹತ್ತುತ್ತದೆ.

ಬೆಳ್ಳುಳ್ಳಿ ಜಜ್ಜಿ ಕಟ್ಟುವುದು, ಸೀಮೆಎಣ್ಣೆ, ಬ್ಯಾಟರಿ ಮಸಿ ಇವೆಲ್ಲ ಬೇಡ. ಹಸಿ ಬೆಳ್ಳುಳ್ಳಿಗೆ ಚರ್ಮ ಸುಟ್ಟು ಬೊಬ್ಬೆ ಬರುತ್ತದೆ. ಆಗ ಎರಡು ರೋಗ ಆಯಿತು.

ಗೆರೆ ಇದೆ, ಗಂಧೆ ಇಲ್ಲ

ಒಂದು ಸಂಜೆ ಮಗಳ ಮೈತುಂಬ ದಪ್ಪ ದಪ್ಪ ಗಂಧೆ ಎದ್ದವು. ನಮ್ಮತ್ತೆ ಪಿತ್ತ ಅಂದರು, ಕಂಬಳಿ ತಂದು ತಿಕ್ಕಲು ಹೊರಟರು. ತಡೆದೆ, ತೋಳಿನ ಮೂರು ಗಂಧೆಗೆ ಪೆನ್ನಿನ ಗೆರೆ ಹಾಕಿದೆ. ರಾತ್ರಿ ಎಂಟು ಗಂಟೆ ಅಂತ ಬರೆದೆ. ಬೆಳಿಗ್ಗೆ ನೋಡಿದರೆ ಗೆರೆ ಮೂರೂ ಇವೆ, ಒಳಗೆ ಚರ್ಮ ಮೊದಲಿನ ಹಾಗೆ ನುಣ್ಣಗಿದೆ. ಹೊಸ ಗಂಧೆ ಬೆನ್ನಿನ ಮೇಲೆ ಎದ್ದಿದ್ದವು. 24 ಗಂಟೆಯೊಳಗೆ ಒಂದು ಕಡೆ ಇಳಿದು ಇನ್ನೊಂದು ಕಡೆ ಏಳುವುದು ಪಿತ್ತದ ಗಂಧೆಯ ಗುಣ. ಇದಕ್ಕೆ ಮುಲಾಮು ಬೇಡ. ಸೆಟಿರಿಜಿನ್ ಮಾತ್ರೆಗೆ ಬಗ್ಗುತ್ತದೆ, ನಿದ್ದೆ ಬರಬಹುದು, ತಿಂದು ಬೈಕ್ ಹತ್ತಬೇಡಿ. ಮಕ್ಕಳಿಗೆ ಎಷ್ಟು ಅಂತ ಕೇಳಿಯೇ ಕೊಡಿ. ಕಂಬಳಿಯಲ್ಲಿ ತಿಕ್ಕಿದರೆ ಇನ್ನೂ ಜಾಸ್ತಿ ಏಳುತ್ತವೆ. ತುಟಿ, ನಾಲಿಗೆ ಊದಿದರೆ, ದನಿ ಬದಲಾದರೆ, ಉಸಿರು ಕಟ್ಟಿದ ಹಾಗಾದರೆ ಮಾತ್ರೆ ಹುಡುಕುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ.

ಇದೇ ಪೆನ್ ನಮ್ಮ ಮಾವನ ಕಾಲು ಉಳಿಸಿತು. ಅವರಿಗೆ ಸಕ್ಕರೆ ಕಾಯಿಲೆ ಇದೆ. ಮೀನಖಂಡ ಕೆಂಪಾಗಿ, ಬಿಗಿಯಾಗಿ, ಮುಟ್ಟಿದರೆ ಬಿಸಿ. ತುರಿಕೆ ಇಲ್ಲ, ಬರೀ ನೋವು. ಗೆರೆ ಹಾಕಿದೆ. ಎರಡೇ ಗಂಟೆಯಲ್ಲಿ ಕೆಂಪು ಗೆರೆ ದಾಟಿತ್ತು, ಮೈ ನಡುಗಿ ಜ್ವರ ಬಂತು. ಅದೇ ರಾತ್ರಿ ಆಸ್ಪತ್ರೆಗೆ ಹೋದೆವು, ಇಂಜೆಕ್ಷನ್ ಶುರು ಮಾಡಿದರು. ಸೋಂಕು ಒಳಗೆ ಹೋಗಿದ್ದು ಎಲ್ಲಿಂದ ಗೊತ್ತಾ? ಕಾಲ್ಬೆರಳ ಸಂದಿಯ ಬಿರುಕಿನಿಂದ. ದಿನಾ ನೀರು ಹಾಯಿಸಿ ಒದ್ದೆ ಕಾಲಲ್ಲೇ ಇರುತ್ತಿದ್ದರು, ಅಲ್ಲಿ ಫಂಗಸ್ ಆಗಿ ಚರ್ಮ ಬಿರಿದಿತ್ತು. ಈಗ ಅವರ ಬೆರಳ ಸಂದಿ ಒರೆಸಲು ಬೇರೆಯೇ ಪಂಜೆ ತುಂಡು ಇದೆ.

ರಾತ್ರಿ ತುರಿಸುವುದು

ಹಾಸ್ಟೆಲ್‌ನಿಂದ ರಜೆಗೆ ಬಂದ ಮೈದುನನ ಮಗ ರಾತ್ರಿಯಿಡೀ ಕೆರೆದುಕೊಂಡ. ಹಗಲು ಸುಮ್ನೆ ಇರುತ್ತಿದ್ದ. ಕೈಬೆರಳ ಸಂದಿ, ಮಣಿಕಟ್ಟು, ಹೊಕ್ಕಳ ಸುತ್ತ ಸಣ್ಣ ಗುಳ್ಳೆ. ಇದು ಕಜ್ಜಿ, ಕಣ್ಣಿಗೆ ಕಾಣದಷ್ಟು ಸಣ್ಣ ಹುಳು ಚರ್ಮದೊಳಗೆ ಬಿಲ ಕೊರೆಯುವುದು. ಮನೆಯಲ್ಲಿ ಇಬ್ಬರಿಗೆ ಮೇಲ್ಪಟ್ಟು, ರಾತ್ರಿಯೇ ತುರಿಕೆ ಅಂದರೆ ಮೊದಲು ಕಜ್ಜಿ ಅಂತಲೇ ಅನುಮಾನ ಪಡಿ. ಹೊಲಸು ಇರುವವರಿಗೆ ಬರುವ ರೋಗ ಅಲ್ಲ ಇದು. ಒಟ್ಟಿಗೆ ಮಲಗುವವರಿಗೆ ಬರುವ ರೋಗ.

ಪರ್ಮೆಥ್ರಿನ್ 5 ಪರ್ಸೆಂಟ್ ಕ್ರೀಮ್ ಇದಕ್ಕೆ ಸರಿಯಾದ ಔಷಧಿ. ಗುಳ್ಳೆಗೆ ಮಾತ್ರ ಹಚ್ಚಿದರೆ ದುಡ್ಡು ದಂಡ. ರಾತ್ರಿ ಮಲಗುವಾಗ ಕುತ್ತಿಗೆಯಿಂದ ಅಂಗಾಲಿನ ತನಕ, ಬೆರಳ ಸಂದಿ, ಉಗುರಿನ ಅಡಿ, ಹೊಕ್ಕಳು, ಗುಪ್ತಾಂಗದ ಸುತ್ತ ಒಂದು ಇಂಚೂ ಬಿಡದೆ ಹಚ್ಚಬೇಕು. ದೊಡ್ಡವರಿಗೆ ಒಬ್ಬರಿಗೆ 30 ಗ್ರಾಂ ಬೇಕಾಗುತ್ತದೆ. ಎಂಟರಿಂದ ಹದಿನಾಲ್ಕು ಗಂಟೆ ಬಿಟ್ಟು ಸ್ನಾನ. ಮಧ್ಯೆ ಕೈ ತೊಳೆದರೆ ಕೈಗೆ ಮತ್ತೆ ಹಚ್ಚಿ. ವಾರಕ್ಕೆ ಇನ್ನೊಂದು ಸಲ. ಮನೆಮಂದಿ ಎಲ್ಲರೂ, ತುರಿಸಲಿ ಬಿಡಲಿ, ಅದೇ ರಾತ್ರಿ ಹಚ್ಚಬೇಕು. ಯಾಕೆಂದರೆ ಮೊದಲ ಸಲ ಹುಳು ಹತ್ತಿದವರಿಗೆ ತುರಿಕೆ ಶುರುವಾಗಲು ನಾಲ್ಕರಿಂದ ಆರು ವಾರ ಬೇಕು. ಹಸುಗೂಸು, ಬಸುರಿ ಇದ್ದರೆ ಡಾಕ್ಟರನ್ನು ಕೇಳಿ ಹಚ್ಚಿ.

ಕೌದಿ ಏನು ಮಾಡುವುದು? ಹತ್ತು ಕೆ.ಜಿ. ಕೌದಿ ಯಾರು ಬಿಸಿ ನೀರಿನಲ್ಲಿ ಒಗೆಯುತ್ತಾರೆ! ಮೈ ಬಿಟ್ಟ ಹುಳು ಎರಡು ಮೂರು ದಿನಕ್ಕಿಂತ ಬದುಕುವುದಿಲ್ಲ. ಖಾಲಿ ಗೊಬ್ಬರದ ಚೀಲ ತೊಳೆದು ಒಣಗಿಸಿ, ಕೌದಿ ಅದರಲ್ಲಿ ತುಂಬಿ ಬಾಯಿ ಬಿಗಿಯಾಗಿ ಕಟ್ಟಿ ಒಂದು ವಾರ ಅಟ್ಟಕ್ಕೆ ಹಾಕಿದೆ. ಅಷ್ಟೇ. ಔಷಧಿ ಆದ ಮೇಲೂ ಎರಡರಿಂದ ನಾಲ್ಕು ವಾರ ತುರಿಕೆ ಇರುತ್ತದೆ. ಸತ್ತ ಹುಳುವಿನ ಅಲರ್ಜಿ ಅದು. ಹೆದರಿ ದಿನಾ ಪರ್ಮೆಥ್ರಿನ್ ಬಳಿಯಬೇಡಿ, ಕೊಬ್ಬರಿ ಎಣ್ಣೆ ಹಚ್ಚಿ ಸುಮ್ಮನಿರಿ. ಬೇವಿನ ಸೊಪ್ಪಿನ ನೀರು ಮೈಗೆ ಹಿತ, ಆದರೆ ಹುಳುವಿಗೆ ಅದು ಲೆಕ್ಕಕ್ಕಿಲ್ಲ.

ಉರಿ ಮೊದಲು, ಗುಳ್ಳೆ ಆಮೇಲೆ

ಸರ್ಪಸುತ್ತು ನಮ್ಮತ್ತೆಗೆ ಬಂದಿತ್ತು. ಮೊದಲ ಎರಡು ದಿನ ಪಕ್ಕೆಯಲ್ಲಿ ಉರಿ, ಸೆರಗು ತಾಗಿದರೂ ಚುಳ್ಳೆನ್ನುತ್ತಿತ್ತು, ನೋಡಿದರೆ ಏನೂ ಇಲ್ಲ. ಗ್ಯಾಸ್ ಅಂದುಕೊಂಡೆವು. ಮೂರನೇ ದಿನ ಬೆನ್ನಿನಿಂದ ಹೊಟ್ಟೆಯ ಕಡೆಗೆ, ಒಂದೇ ಪಕ್ಕಕ್ಕೆ, ಪಟ್ಟಿಯ ಹಾಗೆ ನೀರುಗುಳ್ಳೆ ಗೊಂಚಲು. ಕೆಮ್ಮಣ್ಣು ಹಚ್ಚುವವರ ಹತ್ತಿರ ಕರೆದುಕೊಂಡು ಹೋಗಿ ಅಂದರು. ತಲೆ ಬಾಲ ಕೂಡಿದರೆ ಜೀವ ಹೋಗುತ್ತದೆ ಅಂತ ಓಣಿಯಲ್ಲಿ ಹೆದರಿಸಿದರು.

ಅದಕ್ಕೂ ಹಾವಿಗೂ ಸಂಬಂಧ ಇಲ್ಲ. ಚಿಕ್ಕಂದಿನಲ್ಲಿ ಬಂದ ಚಿಕನ್‌ಪಾಕ್ಸ್ ವೈರಸ್ ಬೆನ್ನುಹುರಿಯ ಪಕ್ಕದ ನರದ ಗಂಟಿನಲ್ಲಿ ವರ್ಷಗಟ್ಟಲೆ ಮಲಗಿರುತ್ತದೆ. ವಯಸ್ಸಾದಾಗ, ಮೈ ಸೋತಾಗ ಏಳುತ್ತದೆ. ಒಂದು ನರದ ಗುಂಟ ಬರುವುದರಿಂದ ಸಾಮಾನ್ಯವಾಗಿ ನಡುಗೆರೆ ದಾಟುವುದಿಲ್ಲ. ಸುತ್ತು ಕೂಡಿ ಯಾರೂ ಸಾಯುವುದಿಲ್ಲ. ಇಲ್ಲಿ ಲೆಕ್ಕ 72 ಗಂಟೆಯದು. ಗುಳ್ಳೆ ಕಂಡ ಮೂರು ದಿನದೊಳಗೆ ಅಸೈಕ್ಲೋವಿರ್ ಥರದ ಮಾತ್ರೆ ಶುರುವಾದರೆ ಬೇಗ ಒಣಗುತ್ತದೆ. ಆ ಮೂರು ದಿನ ಕೆಮ್ಮಣ್ಣಿನಲ್ಲಿ ಕಳೆದರೆ ಕಷ್ಟ. ಗುಳ್ಳೆ ಒಣಗಿದ ಮೇಲೂ ತಿಂಗಳುಗಟ್ಟಲೆ ಕಾಡುವ ನರದ ನೋವು ವಯಸ್ಸಾದವರಿಗೇ ಜಾಸ್ತಿ. ಹಣೆ, ಮೂಗಿನ ತುದಿ, ಕಣ್ಣಿನ ಹತ್ತಿರ ಗುಳ್ಳೆ ಬಂದರೆ ಅದೇ ದಿನ ಕಣ್ಣಿನ ಡಾಕ್ಟರ್ ನೋಡಲೇಬೇಕು. ಗುಳ್ಳೆಯ ನೀರಿನಿಂದ ಚಿಕನ್‌ಪಾಕ್ಸ್ ಹರಡಬಹುದು. ಬಸುರಿಯರು, ಹಸುಗೂಸು ದೂರ ಇರಲಿ.

ಹೊಲದಿಂದ ಬರುವುದು

ಜೋಳ ಕೊಯ್ಯುವಾಗ ಸುಂಕು, ಅಂದರೆ ತೆನೆಯ ಚುಚ್ಚುವ ಧೂಳು, ಕುತ್ತಿಗೆಗೆ ಬಿದ್ದರೆ ತಿಕ್ಕಬೇಡಿ, ತಿಕ್ಕಿದಷ್ಟೂ ಒಳಗೆ ನಾಟುತ್ತದೆ. ಬಟ್ಟೆ ಕೊಡವಿ, ಮೇಲಿಂದ ನೀರು ಸುರಿದುಕೊಳ್ಳಿ. ಕಂಬಳಿಹುಳು ತಾಗಿದರೆ ಸೆಲೋ ಟೇಪ್ ಅಂಟಿಸಿ ಕಿತ್ತರೆ ಕೂದಲು ಬರುತ್ತವೆ.

ಕಾಂಗ್ರೆಸ್ ಕಸ ಬೇರೆಯೇ ಜಾತಿ. 1955ರ ಸುಮಾರಿಗೆ ಪುಣೆಯಲ್ಲಿ ಕಾಣಿಸಿಕೊಂಡ ಗಿಡ ಈಗ ನಮ್ಮ ಬದುವಿನ ಮೇಲೆಲ್ಲ ಇದೆ. ಅದರ ಧೂಳು ಗಾಳಿಯಲ್ಲಿ ಬಂದು ಕೂತರೂ ಸಾಕು, ಮುಟ್ಟಲೇಬೇಕಿಲ್ಲ. ರೆಪ್ಪೆ ಊದಿ ತುರಿಸುತ್ತದೆ. ಕುತ್ತಿಗೆ, ಮೊಣಕೈ ಮಡಿಕೆ ದಪ್ಪಗಾಗಿ ಕಪ್ಪಾಗುತ್ತದೆ. ಬಿಸಿಲಿನ ಅಲರ್ಜಿ ಆದರೆ ರೆಪ್ಪೆ ಮತ್ತು ಗದ್ದದ ಕೆಳಗೆ ಸಾಮಾನ್ಯವಾಗಿ ಬಿಡುತ್ತದೆ. ಇದು ಅಲ್ಲೇ ಹಿಡಿಯುತ್ತದೆ. ಈ ಎರಡನ್ನು ಬೇರೆ ಮಾಡಲು ಇದೇ ಸುಲಭದ ಗುರುತು. ಹೂ ಬಿಡುವ ಮುಂಚೆ, ಕೈಗವಸು ಹಾಕಿ ಬೇರು ಸಮೇತ ಕೀಳಿ. ಸುಡಬೇಡಿ, ಹೊಗೆಯೂ ಬೇಡ. ಈ ಅಲರ್ಜಿ ಇರುವ ಕೆಲವರಿಗೆ ಸೇವಂತಿ, ಸೂರ್ಯಕಾಂತಿಯೂ ಆಗುವುದಿಲ್ಲ, ಎಲ್ಲ ಒಂದೇ ಕುಲದವು. ಮುಡಿಯಲ್ಲಿ ಸೇವಂತಿ ಮುಡಿದ ದಿನ ಕುತ್ತಿಗೆ ತುರಿಸಿದರೆ ನೆನಪಿರಲಿ.

ದ್ರಾಕ್ಷಿ ಮಾಡುವವರಿಗೆ ಒಂದು ಮಾತು. ಅಕ್ಟೋಬರ್ ಚಾಟ್ನಿ (ಬಳ್ಳಿ ಕತ್ತರಿಸುವುದು) ಆದ ಮೇಲೆ ಬಳ್ಳಿಯ ಕಣ್ಣು ಒಡೆದು ಚಿಗುರಲಿ ಅಂತ ಹಚ್ಚುವ ಪೇಸ್ಟ್‌ನಲ್ಲಿ ಹೈಡ್ರೋಜನ್ ಸೈನಮೈಡ್ ಇರುತ್ತದೆ. ಬರಿಗೈಯಲ್ಲಿ ಹಚ್ಚಿದರೆ ಚರ್ಮ ಸುಡುತ್ತದೆ. ಆಳುಗಳಿಗೆ ಬಟ್ಟೆಯ ಕೈಗವಸು ಕೊಟ್ಟರೆ ಅದು ಔಷಧಿ ಹೀರಿಕೊಂಡು ಇನ್ನೂ ಕೆಟ್ಟದ್ದು, ರಬ್ಬರಿನದೇ ಬೇಕು. ಹಚ್ಚಿದ ದಿನ ಸಂಜೆ ಕುಡಿದವರಿಗೆ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ವಾಂತಿ ಆಗುತ್ತದೆ. ಹಿಂದಿನ ದಿನದಿಂದ ಹಿಡಿದು ಮುಂದಿನ ಕೆಲವು ದಿನ ಹೆಂಡ ಮುಟ್ಟಬಾರದು. ನಮ್ಮ ತೋಟದಲ್ಲಿ ಇದನ್ನು ನಾನೇ ನಿಂತು ಹೇಳುತ್ತೇನೆ, ಯಜಮಾನರಿಗೆ ಸಂಕೋಚ.

ಏನೂ ಕಾಣದ ತುರಿಕೆ

ಚಳಿಗಾಲದಲ್ಲಿ ಮುದುಕರ ಕಾಲು ತುರಿಸುವುದು ಬಹುತೇಕ ಒಣಚರ್ಮ. ಬೋರಿನ ಸವಳು ನೀರು, ಸುಡು ಸುಡು ಸ್ನಾನ, ಮೈಯೆಲ್ಲ ಸೋಪು. ಬೆಚ್ಚಗಿನ ನೀರು ಸಾಕು. ಸೋಪು ಕಂಕುಳು, ಸಂದಿ, ಪಾದಕ್ಕೆ ಮಾತ್ರ. ಮೈ ಪೂರ್ತಿ ಒರೆಸದೆ, ಹಸಿ ಇರುವಾಗಲೇ ಬಚ್ಚಲಲ್ಲೇ ಕೊಬ್ಬರಿ ಎಣ್ಣೆ ಇಲ್ಲವೇ ವ್ಯಾಸಲೀನ್ ಹಚ್ಚಿ. ಒಣಗಿದ ಮೇಲೆ ಹಚ್ಚಿದರೆ ಅರ್ಧ ಗುಣವೂ ಇಲ್ಲ.

ಅಷ್ಟು ಮಾಡಿಯೂ ಎರಡು ಮೂರು ವಾರ ತುರಿಕೆ ನಿಲ್ಲದಿದ್ದರೆ, ಗುಳ್ಳೆ ಗಿಳ್ಳೆ ಏನೂ ಇಲ್ಲದಿದ್ದರೆ, ರಕ್ತ ಪರೀಕ್ಷೆ ಮಾಡಿಸಿ. ಕಿಡ್ನಿ, ಲಿವರ್, ಥೈರಾಯ್ಡ್, ರಕ್ತ ಕಡಿಮೆ ಇರುವುದು, ಇವೆಲ್ಲ ಚರ್ಮದ ಮೂಲಕ ಮಾತಾಡುತ್ತವೆ. ಬಸುರಿಗೆ ಕೊನೆಯ ಮೂರು ತಿಂಗಳಲ್ಲಿ, ರಾತ್ರಿ ಹೊತ್ತು ಅಂಗೈ ಅಂಗಾಲು ವಿಪರೀತ ತುರಿಸಿದರೆ ಹೊಟ್ಟೆ ದೊಡ್ಡದಾದಾಗ ಹಾಗೇ ಅಂತ ಬಿಡಬೇಡಿ. ಲಿವರಿನ ತೊಂದರೆ ಇರಬಹುದು, ಮಗುವಿಗೂ ಅಪಾಯ. ಮರುದಿನವೇ ತೋರಿಸಿ.

ತಿಳಿ ಬಣ್ಣದ ಮಚ್ಚೆ, ತುರಿಕೆಯೂ ಇಲ್ಲ, ಹತ್ತಿಯ ಎಳೆ ತಾಗಿಸಿದರೆ ಗೊತ್ತೂ ಆಗುವುದಿಲ್ಲ ಅಂದರೆ ಕುಷ್ಠ ಇರಬಹುದು. ನಾಚಿಕೊಂಡು ಮುಚ್ಚಿಡುವ ಕಾಲ ಹೋಯಿತು. ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಪುಕ್ಕಟೆ, 6 ತಿಂಗಳು ಇಲ್ಲವೇ 12 ತಿಂಗಳು, ಪೂರ್ತಿ ಗುಣ. ಬೇಗ ಹೋದಷ್ಟೂ ಕೈ ಬೆರಳು ಉಳಿಯುತ್ತವೆ.

ಡಾಕ್ಟರ್ ಹತ್ತಿರ ಹೋಗುವಾಗ ಹಚ್ಚಿದ ಎಲ್ಲ ಟ್ಯೂಬ್ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ, ಹಿಂಡಿ ಖಾಲಿಯಾದದ್ದೂ ಬೇಕು. ಪೆನ್ನಿನ ಗೆರೆ ಇರುವ ಫೋಟೋ ಮೊಬೈಲ್‌ನಲ್ಲಿರಲಿ. ಹೋಗುವ ದಿನ ಬೆಳಿಗ್ಗೆ ಏನೂ ಹಚ್ಚಬೇಡಿ. ಹೊಟ್ಟು ಕೆರೆದು ಗಾಜಿನ ಮೇಲಿಟ್ಟು ಮೈಕ್ರೋಸ್ಕೋಪ್‌ನಲ್ಲಿ ನೋಡುತ್ತಾರೆ, ಮುಲಾಮು ಬಳಿದಿದ್ದರೆ ಫಂಗಸ್ ಸಿಗದೇ ಹೋಗಬಹುದು. ಪಾಳಿ ಬರುವ ತನಕ ತುರಿಸುತ್ತದೆ, ಗೊತ್ತು. ಒಂದು ಕರ್ಚೀಪು ತಣ್ಣೀರಿನಲ್ಲಿ ಅದ್ದಿ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಂಡು ಹೋಗಿ, ಕೆರೆಯುವ ಬದಲು ಅದನ್ನು ಒತ್ತಿ ಹಿಡಿಯಿರಿ.